ಕದ್ದು ಕುಡಿಯುವ ತಂತಿ

“ಹದಿನಾಲ್ಕನೇ ಫ್ಯೂಸೂ ಕಿತ್ತೆ. ಈಗ ಮೀಟರ್ ಎಷ್ಟು ತೋರಿಸ್ತಿದೆ?”

ಒಳಗೇ ಒಲೆ, ಮಂಚ ಇರುವ ಮನೆಗಾಡಿಯ ಬಾಗಿಲ ಮೆಟ್ಟಿಲಲ್ಲಿ ಉದ್ದ ಕಾಲು ಮಡಚಿಕೊಂಡು ಕೂತಿದ್ದ ಇನ್‌ಸ್ಪೆಕ್ಟರ್ ಕನ್ನಡಕ ಹಣೆಗೇರಿಸಿ ಬಗ್ಗಿದರು. “ಒಂದು ಪಾಯಿಂಟ್ ಏಳು ಆಂಪಿಯರ್. ಮೊದಲೂ ಹೆಚ್ಚುಕಮ್ಮಿ ಅಷ್ಟೇ ಇತ್ತಲ್ಲ?”

ಅವಳು ಬ್ಯಾಟರಿ ರಿಪೇರಿ ಅಂಗಡಿಯವಳು, ಊರವರ ಬಾಯಲ್ಲಿ ಬ್ಯಾಟರಿ ಅಕ್ಕ. ಕಿತ್ತ ಫ್ಯೂಸುಗಳನ್ನು ಹಳೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಇನ್ನೊಮ್ಮೆ ಎಣಿಸಿದಳು. ದೀಪದ್ದು, ನೀರಿನ ಪಂಪಿನದು, ಫ್ರಿಜ್ಜಿನದು, ಬಿಸಿಗಾಳಿ ಊದುವ ಹೀಟರಿನದು, ವಿಷಗಾಳಿ ತುಂಬಿದರೆ ಕೂಗುವ ಅಲಾರಾಮಿನದು. ಎಲ್ಲವೂ ಕಣ್ಣೆದುರಿಗೇ ಇದ್ದವು. ಗಾಡಿಯಲ್ಲಿ ಕರೆಂಟು ಕುಡಿಯುವ ಬಾಯಿಗಳೆಲ್ಲ ಮುಚ್ಚಿದ್ದವು. ಆದರೂ ಬ್ಯಾಟರಿಯಿಂದ ಕರೆಂಟು ಹರಿಯುತ್ತಲೇ ಇತ್ತು.

“ಮನೇಲಿ ಎಲ್ಲಾ ನಲ್ಲಿ ಮುಚ್ಚಿದೀರಿ. ಆದ್ರೂ ಮೇಲಿನ ಟ್ಯಾಂಕು ಖಾಲಿ ಆಗ್ತಾನೇ ಇದೆ. ಏನರ್ಥ?” ಎಂದಳು.

“ಯಾರೋ ಕಳ್ಳ ಪೈಪ್ ಹಾಕಿದಾರೆ.”

“ಅದೇ.”

ಇನ್‌ಸ್ಪೆಕ್ಟರ್ ಕನ್ನಡಕ ಕೆಳಗಿಳಿಸಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದರು.

ಮೂರು ದಿನದ ಹಿಂದೆ, ಚಳಿಯ ಮಧ್ಯಾಹ್ನ, ಊರಾಚೆಯ ಪಾರ್ಕಿಂಗ್ ಮೈದಾನದಲ್ಲಿ ನಿಂತಿದ್ದ ಇದೇ ಗಾಡಿಯೊಳಗೆ ಅವಳ ತಂಗಿಯ ಗಂಡ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬ್ಯಾಟರಿ ಪೂರಾ ಬರಿದಾಗಿ ಹೀಟರ್ ನಿಂತಿತ್ತು. ಚಳಿ ಕಾಯಿಸಲು ಅವನು ಗ್ಯಾಸ್ ಒಲೆಯ ಎರಡೂ ಉರಿ ಹಚ್ಚಿ ಮಂಚದಲ್ಲಿ ಒರಗಿದ್ದ. ಕಿಟಕಿಗಳು ಮುಚ್ಚಿದ್ದವು. ಒಲೆಯ ಪಕ್ಕದ ಗಾಳಿಕಿಂಡಿಯಲ್ಲಿ ಯಾರೋ ಬಟ್ಟೆ ತುರುಕಿದ್ದರು. ಕೂಗಬೇಕಾಗಿದ್ದ ಅಲಾರಾಂ ಕೂಡ ಅದೇ ಬ್ಯಾಟರಿಯ ಕೂಸು. ತಾಯಿ ಸತ್ತ ಮೇಲೆ ಕೂಸು ಕೂಗುವುದೆಲ್ಲಿಂದ ಬಂತು? ನಾಲ್ಕು ಗಂಟೆಗೆ ಹೆಂಡತಿ ಬಾಗಿಲು ತೆರೆದಾಗ ಅವನ ತುಟಿ ಕೆಂಪಗೆ ಹಣ್ಣಾಗಿತ್ತು. ಇವತ್ತಿಗೂ ಕಣ್ಣು ಬಿಟ್ಟಿರಲಿಲ್ಲ.

ಎಂಜಿನ್ನಿಗೆ ಬೇರೆ ಬ್ಯಾಟರಿಯಿತ್ತು; ಮನೆಯ ಭಾಗಕ್ಕಿದ್ದ ಆ ಎರಡು ಬ್ಯಾಟರಿಗಳು ಹೊಸವು. ಅದಕ್ಕೆ ಹದಿನೆಂಟು ದಿನ ಮುಂಚೆ ತಾನೇ ಅಕ್ಕ ತನ್ನ ಕೈಯಾರೆ ಕೂರಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ, ತಾರೀಖು ಬರೆದು ಕಳಿಸಿದ್ದಳು.

“ಹೊಸ ಬ್ಯಾಟರಿ ಹದಿನೆಂಟು ದಿನಕ್ಕೆ ಸಾಯುತ್ತೆ ಅಂದ್ರೆ,” ಎಂದು ಇನ್‌ಸ್ಪೆಕ್ಟರ್ ನಿನ್ನೆ ಅಂಗಡಿಗೇ ಬಂದು ಕೇಳಿದ್ದರು, “ಒಂದೋ ನಿಮ್ಮ ಮಾಲು ಕೆಟ್ಟಿತ್ತು, ಇಲ್ಲಾ ನಿಮ್ಮ ಮನಸ್ಸು. ಯಾವುದು?”

“ಗಾಡಿ ತೋರಿಸಿ. ನೋಡಿ ಹೇಳ್ತೀನಿ.”

“ಸಂಶಯ ಇರೋರ ಕೈಗೇ ಸಾಕ್ಷಿ ಕೊಟ್ಟೆ ಅಂತ ಸ್ಟೇಷನ್ನಲ್ಲಿ ನಗ್ತಾರೆ.”

“ಪಕ್ಕದಲ್ಲೇ ಕೂತ್ಕೊಳ್ಳಿ. ನಗೋದಿದ್ರೆ ಇಬ್ಬರೂ ಸೇರಿ ನಗೋಣ.”

ಹಾಗೆ ಸ್ಟೇಷನ್ನಿನ ಹಿಂದಿನ ಅಂಗಳಕ್ಕೆ ಬಂದಿದ್ದಳು. ನಿನ್ನೆ ರಾತ್ರಿಯೆಲ್ಲ ಎರಡೂ ಬ್ಯಾಟರಿ ಚಾರ್ಜಿಗಿಟ್ಟು, ಬೆಳಗ್ಗೆ ಹನ್ನೆರಡು ಮುಚ್ಚಳವನ್ನೂ ಬಿಚ್ಚಿ, ಆಸಿಡ್ಡಿನ ಸತ್ವ ಅಳೆಯುವ ಹೈಡ್ರೋಮೀಟರಿನ ಗಾಜಿನ ಕೊಳವೆಗೆ ಒಂದೊಂದೇ ಅರೆಯ ಆಸಿಡ್ ಎಳೆದು ನೋಡಿದ್ದಳು. ಎಲ್ಲ ಅರೆಯಲ್ಲೂ ತೇಲುಬುರುಡೆ ಒಂದೇ ಗೆರೆಗೆ ನಿಂತಿತ್ತು. ಒಂದು ಕೂಡ ಸೊರಗಿರಲಿಲ್ಲ. ಹೆಚ್ಚು ಕರೆಂಟು ಎಳೆದು ನೋಡಿದರೂ ಬಗ್ಗಲಿಲ್ಲ. ಬ್ಯಾಟರಿ ಕಲ್ಲಿನ ಹಾಗಿತ್ತು. ಅಂದ ಮೇಲೆ ಅದನ್ನು ಯಾರೋ ಕುಡಿದಿದ್ದಾರೆ.

“ಈ ಗಾಡಿ ನಿಮ್ಮ ಅಂಗಡಿಗೆ ವರ್ಷದಲ್ಲಿ ಎಷ್ಟು ಸಲ ಬಂದಿದೆ?”

“ಐದು.”

“ಪ್ರತಿ ಸಲ ಬ್ಯಾಟರಿ ಬರಿದು?”

“ಪ್ರತಿ ಸಲ. ಹುಡುಕಿದ್ರೆ ತಪ್ಪು ಸಿಗ್ತಿರ್ಲಿಲ್ಲ. ಹಳೇದಕ್ಕೆ ವಯಸ್ಸಾಯ್ತೇನೋ ಅಂತ ಕೊನೆಗೆ ಹೊಸದೇ ಹಾಕಿದೆ.”

“ಐದು ಸಲ ತಪ್ಪು ಸಿಗದೇ ಇದ್ದಿದ್ದಕ್ಕೆ ಬೇಜಾರಾಗ್ಲಿಲ್ವ ನಿಮಗೆ?”

ಅಕ್ಕ ಬ್ಯಾಟರಿ ಪೆಟ್ಟಿಗೆಯೊಳಕ್ಕೆ ತಲೆ ಹಾಕಿದಳು. ಬೇಜಾರಾಗಿತ್ತು ಎಂದರೆ ಸುಳ್ಳಾಗುತ್ತಿತ್ತು. ಗಾಡಿ ಅಂಗಡಿ ಮುಂದೆ ನಿಂತರೆ ತಂಗಿಯ ಗಂಡ ಇಳಿದು, “ಮತ್ತೆ ಕೈಕೊಡ್ತು,” ಎಂದಷ್ಟೇ ಹೇಳಿ ಬೆಂಚಿನಲ್ಲಿ ಕೂರುತ್ತಿದ್ದ. ಮೂರು ತಾಸು, ನಾಲ್ಕು ತಾಸು. ಅವಳು ಕೆಲಸ ಮಾಡುತ್ತಿದ್ದಳು, ಅವನು ನೋಡುತ್ತಿದ್ದ. ಮಾತು ಕಡಿಮೆ. ಇಪ್ಪತ್ತೆರಡನೇ ವಯಸ್ಸಿಗೆ ಅವಳ ಅಪ್ಪನ ಹತ್ತಿರ ಕೆಲಸ ಕಲಿಯಲು ಬಂದಾಗಲೂ ಅವನು ಹಾಗೇ ಇದ್ದ. ಅಪ್ಪನೇ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದ. ಆರು ವರ್ಷ ಅವಳ ಪಕ್ಕದಲ್ಲೇ ಕೂತು ತಂತಿ ಜೋಡಿಸಿದವನು ಏಳನೇ ವರ್ಷ ಅವಳ ತಂಗಿಯ ಕೈ ಹಿಡಿದ.

ಪ್ಲಸ್ ಟರ್ಮಿನಲ್ಲಿನ ದಪ್ಪ ಕೆಂಪು ಕೇಬಲ್ಲಿನ ಕೆಳಗೆ ಬೆರಳಾಡಿಸಿದಳು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಕೇಬಲ್ಲಿನ ಹೊದಿಕೆಯೊಳಗೆ ತೂರಿಸಿದ, ನಟ್ಟು ಬಿಚ್ಚಿದರೂ ಕಣ್ಣಿಗೆ ಬೀಳದಂಥ, ಕೂದಲಿನಷ್ಟಲ್ಲದಿದ್ದರೂ ಬಹಳ ಸಣ್ಣದೊಂದು ತಂತಿ. ಪೆಟ್ಟಿಗೆಯ ಕತ್ತಲಲ್ಲಿ ಕಾಣದಿರಲೆಂದು ಕೆಂಪು ತಂತಿಗೆ ಕಪ್ಪು ಬಣ್ಣ ಬಳಿದಿದ್ದರು. ಅದು ಫ್ಯೂಸ್ ಪೆಟ್ಟಿಗೆಯ ಕಡೆ ಹೋಗಲೇ ಇಲ್ಲ. ನೇರ ಗಾಡಿಯ ಒಳಕ್ಕೆ ನುಗ್ಗಿತ್ತು.

“ಸಿಕ್ತು,” ಎಂದಳು.

“ಎಲ್ಲಿಗೆ ಹೋಗುತ್ತೆ?”

“ಒಳಗೆ ಹೋಗಿ ನೋಡ್ಬೇಕು.”

ಅಷ್ಟು ಹೇಳಿ ಒಂದು ಗಳಿಗೆ ನಿಂತಳು. ಐದು ಸಲ ಗಾಡಿ ರಿಪೇರಿ ಮಾಡಿದ್ದರೂ ಹೊರಗಿನ ಬ್ಯಾಟರಿ ಪೆಟ್ಟಿಗೆಯಿಂದಾಚೆ ಅವಳು ಕಾಲಿಟ್ಟಿರಲಿಲ್ಲ. ತಂಗಿ ಕರೆದಿರಲಿಲ್ಲ, ಅವಳೂ ಕೇಳಿರಲಿಲ್ಲ.

ಒಳಗೆ ಎರಡು ಹೆಜ್ಜೆಗೆ ಅಡುಗೆಮನೆ, ಮೂರಕ್ಕೆ ಮಲಗುವ ಕೋಣೆ. ಒಲೆಯ ಮೇಲಿನ ಕೊಕ್ಕೆಯಲ್ಲಿ ಎರಡು ಲೋಟ ಒಂದಕ್ಕೊಂದು ತಾಗಿಕೊಂಡು ನೇತಾಡುತ್ತಿದ್ದವು. ಕಿಟಕಿಗೆ ತಂಗಿಯೇ ಹೊಲಿದ ನೀಲಿ ಪರದೆ. ಅವಳು ದರ್ಜಿ, ಇಂಥ ಗಾಡಿಗಳಿಗೆ ಪರದೆ, ಹಾಸುಗವಸು ಹೊಲಿದುಕೊಡುವುದೇ ಅವಳ ಕಸುಬು. ಮಂಚದ ಮೇಲೆ ಎರಡು ದಿಂಬು. ಅವನ ದಿಂಬಿನ ತಗ್ಗು ಅವಳ ದಿಂಬಿನ ಕಡೆಗೇ ವಾಲಿತ್ತು. ಅಕ್ಕ ಅದನ್ನು ನೆಟ್ಟಗೆ ಮಾಡಲು ಕೈ ಚಾಚಿ ಹಿಂದೆಳೆದಳು. ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿರುವ ಮನುಷ್ಯನ ದಿಂಬು ನೋಡಿ ಹೊಟ್ಟೆ ಉರಿಸಿಕೊಳ್ಳುವವಳು ನಾನೊಬ್ಬಳೇ ಇರಬೇಕು ಎಂದುಕೊಂಡಳು. ಉರಿ ಮಾತ್ರ ಆರಲಿಲ್ಲ.

“ಹುಷಾರು, ತಲೆ,” ಎಂದಳು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಹಣೆ ಚಾವಣಿಗೆ ಬಡಿದಾಗಿತ್ತು.

ಇಬ್ಬರೂ ಸೇರಿ ಮಂಚದ ಹಲಗೆ ಎತ್ತಿ ನಿಲ್ಲಿಸಿದರು. ಕೆಳಗೆ ನೀರಿನ ಟ್ಯಾಂಕು, ಅದರ ಹಿಂದೆ ಒಂದು ಗೇಣು ಕತ್ತಲು. ಅಕ್ಕ ಮಲಗಿ ಕೈ ಚಾಚಿದಳು. ಪ್ಲೈವುಡ್ ತಣ್ಣಗಿತ್ತು, ತಣ್ಣಗಿತ್ತು, ಒಂದು ಕಡೆ ಬೆಚ್ಚಗಾಯಿತು. ಜ್ವರದ ಹಣೆಯ ಹಾಗೆ. ಅಲ್ಲೊಂದು ತಗಡಿನ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದಾಗ ಬೆಳಕು ಟ್ಯಾಂಕಿನ ಹಿಂಬದಿಯೆಲ್ಲ ಚೆಲ್ಲಿತು.

ಡಬ್ಬಿಯೊಳಗೆ ವಾಹನದ ಬ್ರೇಕಿಗೆ ಹಾಕುವಂಥ ಒಂದು ಬಲ್ಬು, ಯಾರಿಗೂ ಕಾಣದೆ, ಯಾರಿಗೂ ಬೇಡದೆ ಉರಿಯುತ್ತಿತ್ತು.

“ಇದೊಂದು ಪುಟಾಣಿ ಬಲ್ಬು ಅಷ್ಟು ದೊಡ್ಡ ಎರಡು ಬ್ಯಾಟರಿ ಮುಗಿಸುತ್ತಾ?” ಇನ್‌ಸ್ಪೆಕ್ಟರಿಗೆ ನಂಬಿಕೆ ಬರಲಿಲ್ಲ.

“ಗಾಡಿ ಓಡ್ತಾ ಇದ್ರೆ ಎಂಜಿನ್ ತುಂಬಿಸ್ತಾ ಇರುತ್ತೆ. ಐದು ದಿನ ಒಂದೇ ಕಡೆ ನಿಲ್ಲಿಸಿ, ಇದನ್ನ ಉರಿಯೋಕೆ ಬಿಡಿ. ಆರನೇ ದಿನ ಬ್ಯಾಟರಿ ಬರಿದು. ಬೆಂಕಿ ಹತ್ತದೇ ಇದ್ದಿದ್ದೇ ದೊಡ್ಡದು.”

“ಅವರು ಮೈದಾನದಲ್ಲಿ ನಿಲ್ಲಿಸಿ ಎಷ್ಟು ದಿನವಾಗಿತ್ತು?”

“ನಿಮ್ಮ ಕಾಗದದಲ್ಲೇ ಇದೆ. ಆರು.”

ಬಲ್ಬಿನಿಂದ ಹೊರಟ ಇನ್ನೊಂದು ತಂತಿಯನ್ನು ಹಿಡಿದು ಹೊರಟರೆ ಅದು ಬಟ್ಟೆ ಕಪಾಟಿನ ಹಿಂಬದಿಗೆ ಹತ್ತಿತು. ಮಡಚಿಟ್ಟ ಹೊದಿಕೆಗಳ ಹಿಂದೆ ಒಂದು ಸಣ್ಣ ಸ್ವಿಚ್ಚು. ಈಗ ಆನ್ ಇತ್ತು. ಐದು ಸಲ ಹುಡುಕಿದರೂ ತಪ್ಪು ಯಾಕೆ ಸಿಗಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಂಗಡಿಗೆ ತರುವ ಮುಂಚೆ ಯಾರೋ ಇದನ್ನು ಆಫ್ ಮಾಡುತ್ತಿದ್ದರು.

ಇನ್‌ಸ್ಪೆಕ್ಟರ್ ಎಲ್ಲದರ ಫೋಟೋ ತೆಗೆದರು. “ಹೆಂಡತಿ ಮಾಡಿರಬಹುದು, ಗಂಡ ಮಾಡಿರಬಹುದು. ಐದು ಸಲ ಗಾಡಿ ನಿಮ್ಮ ಅಂಗಳದಲ್ಲಿ ನಿಂತಿತ್ತು, ನೀವೂ ಮಾಡಿರಬಹುದು.”

“ನಾನೇ ಮಾಡಿದ್ರೆ ನಿಮಗೆ ಹುಡುಕಿಕೊಡ್ತಿದ್ನಾ?”

“ಬುದ್ಧಿವಂತರು ಅದನ್ನೇ ಮಾಡ್ತಾರೆ ಅಮ್ಮ.”

ಅವರ ಫೋನು ಗುಣುಗುಟ್ಟಿತು. ಕೇಳಿಸಿಕೊಂಡರು, ಎದ್ದರು, ಮತ್ತೆ ತಲೆ ಬಡಿಸಿಕೊಂಡರು. “ಆಸ್ಪತ್ರೆಯವರು. ರಸ್ತೆ ದಾಟಿ ಹೋಗಿ ಬರ್ತೀನಿ. ಗಂಡನ ಬಟ್ಟೆ ತಗೊಂಡು ಹೋಗೋಕೆ ನಿಮ್ಮ ತಂಗಿ ಬರ್ತಾರೆ. ಗೇಟಲ್ಲಿ ಪೇದೆ ಇದಾಳೆ. ಏನನ್ನೂ ಕದಲಿಸಬೇಡಿ.”

ಆಸ್ಪತ್ರೆಯಿಂದ ಏನು ಸುದ್ದಿ ಎಂದು ಕೇಳುವಷ್ಟರಲ್ಲಿ ಅವರು ಅಂಗಳ ದಾಟಿದ್ದರು.

*

ತಂಗಿ ಬಂದಾಗ ಅವಳ ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಮೂರು ದಿನದಿಂದ ತೆಗೆಯಲು ನೆನಪಾಗಿರಲಿಲ್ಲವೇನೋ. ಅತ್ತು ಅತ್ತು ಕಣ್ಣು ಊದಿತ್ತು. ಅಂಥ ಮುಖದಲ್ಲೂ ಅವಳು ಚೆಂದ ಕಾಣುತ್ತಿದ್ದಳು. ಚಿಕ್ಕಂದಿನಿಂದ ಹಾಗೇ. ಅಕ್ಕ ಅತ್ತರೆ ಮೂಗು ಸುರಿಯುತ್ತಿತ್ತು, ತಂಗಿ ಪುಟ್ಟಿ ಅತ್ತರೆ ಮನೆಯವರೆಲ್ಲ ಎದ್ದು ಬರುತ್ತಿದ್ದರು.

“ನನ್ನ ಮಂಚ ಎತ್ತಿ ನಿಲ್ಲಿಸಿ ಏನು ಮಾಡ್ತಿದೀಯ?”

“ಇದನ್ನ ನೋಡ್ತಿದೀನಿ.”

ಅಕ್ಕ ಪಕ್ಕಕ್ಕೆ ಸರಿದಳು. ಉರಿಯುವ ಬಲ್ಬಿನ ಬೆಳಕು ತಂಗಿಯ ಗಲ್ಲಕ್ಕೆ ಕೆಳಗಿನಿಂದ ಬಿತ್ತು. ಪುಟ್ಟಿ ಕಪಾಟಿನ ಕಡೆ ಕಣ್ಣು ಹಾಯಿಸಿದಳು.

“ಅವರೇ ಇಟ್ಟಿರಬೇಕು,” ಎಂದಳು.

“ಅವನು ಯಾಕೆ ಇಡ್ತಾನೆ?”

“ಅವನು ಗಿವನು ಅನ್ನಬೇಡ. ನನ್ನ ಗಂಡ ಅವರು.”

“ನಿನ್ನ ಗಂಡ ಆಗೋಕೆ ಆರು ವರ್ಷ ಮುಂಚಿಂದ ನನಗೆ ಅವನು ಅವನೇ.”

“ಗೊತ್ತು. ಊರಿಗೇ ಗೊತ್ತು.” ಪುಟ್ಟಿ ಕಪಾಟಿನ ಬಾಗಿಲಿಗೆ ಒರಗಿದಳು. “ಯಾಕೆ ಇಡ್ತಾರೆ ಅಂದ್ಯಲ್ಲ. ನಿನ್ನ ಅಂಗಡಿಗೆ ಬರೋಕೆ ಒಂದು ನೆವ ಬೇಡ್ವ? ಸುಮ್ನೆ ಬಂದ್ರೆ ಜನ ಏನಂತಾರೆ? ಬ್ಯಾಟರಿ ಕೆಟ್ಟಿದೆ ಅಂದ್ರೆ ಯಾರು ಏನನ್ನೋಕಾಗುತ್ತೆ? ಐದು ಸಲ. ಪ್ರತಿ ಸಲ ನನ್ನನ್ನ ಸಂತೇಲಿ ಇಳಿಸಿ, ನೀನು ಕೊಳ್ಳೋದು ಕೊಳ್ತಾ ಇರು ಅಂತ ಹೇಳಿ, ನಾಲ್ಕು ತಾಸು ನಿನ್ನ ಮುಂದೆ ಕೂತು ಬರ್ತಿದ್ರು. ವಾಪಸ್ ಬಂದಾಗ ಬಟ್ಟೆಯೆಲ್ಲ ಆಸಿಡ್ ವಾಸನೆ. ನಿನ್ನ ವಾಸನೆ.”

ನಾಚಿಕೆಪಡಬೇಕಾದ ಸಂತೋಷವೊಂದು ಅಕ್ಕನ ಹೊಟ್ಟೆಯ ಉರಿಯನ್ನೆಲ್ಲ ತಣಿಸಿ ಮೇಲಕ್ಕೆ ಹತ್ತಿತು. ಅವನೇ! ತನ್ನ ಮುಂದೆ ಬಂದು ಕೂರಲು ಅವನು ತನ್ನ ಗಾಡಿಯನ್ನೇ ಕೆಡಿಸಿಕೊಂಡ! ಹನ್ನೆರಡು ವರ್ಷ ಬಾಯಿ ಬಿಡದವನು ಒಂದು ಬಲ್ಬು ಹಚ್ಚಿ ಹೇಳಿದ. ಇಷ್ಟು ಸಾಕು, ಇನ್ನು ಜೈಲಾದರೂ ಸೈ ಎನ್ನಿಸಿತು.

ಆ ಸಂತೋಷವನ್ನು ಬಚ್ಚಿಡಲು ಅವಳು ಮತ್ತೆ ಬಲ್ಬಿನ ಕಡೆ ಬಗ್ಗಿದಳು. ಅವನ ಕೈಯ ಕೆಲಸವನ್ನು ಇನ್ನೊಮ್ಮೆ ನೋಡಬೇಕಾಗಿತ್ತು.

ನೋಡಿದವಳು ಹಾಗೇ ನಿಂತಳು.

ತಂತಿ ಸೇರುವಲ್ಲಿ ಕರೆಂಟಿನವರು ಸುತ್ತುವ ಕಪ್ಪು ಟೇಪು ಇರಲಿಲ್ಲ. ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಇತ್ತು. ಮೌನಿ ಸತ್ತರೂ ಅಂಥ ಕೆಲಸ ಮಾಡುವವನಲ್ಲ. ಅವನ ಜೋಡಣೆ ನೋಡಿ ಅಪ್ಪ ಇವಳ ಜೋಡಣೆ ಬಿಚ್ಚಿಸುತ್ತಿದ್ದ. ಆ ಪ್ಲಾಸ್ಟರಿನ ತುದಿಯನ್ನು ನೆಟ್ಟಗೆ ಕತ್ತರಿಸಿರಲಿಲ್ಲ. ಅಂಚು ಗರಗಸದ ಹಾಗೆ ಹಲ್ಲು ಹಲ್ಲಾಗಿತ್ತು. ಬಟ್ಟೆಯ ನೂಲು ಬಿಚ್ಚಿಕೊಳ್ಳದಿರಲೆಂದು ದರ್ಜಿಗಳು ಇಂಥದೇ ಹಲ್ಲಂಚು ಬರುವ ಒಂದು ಕತ್ತರಿ ಇಟ್ಟುಕೊಳ್ಳುತ್ತಾರೆ.

ಬಂದಷ್ಟೇ ಬೇಗ ಸಂತೋಷ ಇಳಿದುಹೋಯಿತು.

“ಪುಟ್ಟೀ, ನಿನ್ನ ಜಿಗ್‌ಜಾಗ್ ಕತ್ತರಿ ಎಲ್ಲಿದೆ?”

“ಯಾಕೆ?”

“ಕೊಡು. ಈ ಅಂಚಿಗೆ ಹಿಡಿದು ನೋಡ್ತೀನಿ.”

ಪುಟ್ಟಿ ಕೊಡಲಿಲ್ಲ, ಓಡಲೂ ಇಲ್ಲ. ಕಪಾಟಿನ ಬಾಗಿಲಿಗೆ ಒರಗಿಕೊಂಡೇ ಮೆಲ್ಲಗೆ ಕೆಳಕ್ಕೆ ಜಾರಿ ನೆಲದಲ್ಲಿ ಕೂತಳು.

“ನೀನೇ,” ಎಂದಳು ಅಕ್ಕ.

“ನಾನೇ.”

“ಈ ಕೆಲಸ ನಿನಗೆ ಯಾರು ಕಲಿಸಿದ್ರು?”

“ಯಾರೂ ಕಲಿಸ್ಲಿಲ್ಲ! ಅದೇ ಅಲ್ವ!” ಪುಟ್ಟಿಯ ದನಿ ಒಡೆಯಿತು. “ಅಪ್ಪ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇದು ಪ್ಲಸ್ಸು, ಇದು ಮೈನಸ್ಸು ಅಂತ ಹೇಳಿಕೊಡ್ತಿದ್ರು. ನಾನು ಹತ್ರ ಬಂದ್ರೆ, ಹೋಗು ಮಗಳೇ, ಆಸಿಡ್ ಇದೆ, ಕೈ ಹಾಳಾಗುತ್ತೆ ಅಂತ ಓಡಿಸ್ತಿದ್ರು. ಕಿಟಕಿ ಹತ್ರ ಕೂತು ಗುಂಡಿ ಹೊಲೀತಾ ಎಲ್ಲ ನೋಡಿ ಕಲಿತೆ. ಒಬ್ಬರೂ ತಿರುಗಿ ನೋಡ್ಲಿಲ್ಲ.”

“ನಿನ್ನ ಕೈ ಹಾಳಾಗುತ್ತೆ ಅಂತ ಅಪ್ಪನಿಗೆ ಚಿಂತೆ ಇತ್ತು. ನನ್ನ ಕೈ?” ಅಕ್ಕ ತನ್ನ ಎರಡೂ ಕೈ ಅವಳ ಮುಖದ ಮುಂದೆ ಹಿಡಿದಳು. ಬೆರಳ ಸಂದಿಯಲ್ಲಿ ಹಳೆಯ ಸುಟ್ಟ ಕಲೆಗಳು ಅಕ್ಕಿಕಾಳಿನಂತೆ ಬೆಳ್ಳಗೆ ಹರಡಿದ್ದವು. “ನನ್ನ ಕೈ ಹಾಳಾಗುತ್ತೆ ಅಂತ ಒಬ್ಬರಾದ್ರೂ ಹೇಳಿದಾರಾ? ಈ ಕೈ ನೋಡಿ ಯಾವ ಗಂಡು ನನ್ನ ಮದುವೆ ಆಗ್ತಿದ್ದ?”

ಇಬ್ಬರೂ ಒಂದು ಕ್ಷಣ ಆ ಕೈಗಳನ್ನೇ ನೋಡಿದರು.

“ಹೇಳು. ಯಾಕೆ ಮಾಡಿದೆ?”

“ಊಟಕ್ಕೆ ಕೂತ್ರೆ ನಿನ್ನ ಸುದ್ದಿ. ದೀಪ ಹಚ್ಚಿದ್ರೆ ನಿನ್ನ ಸುದ್ದಿ. ಮಾತೇ ಆಡದ ಮನುಷ್ಯ, ನಿನ್ನ ವಿಷಯ ಬಂದ್ರೆ ಮಾತ್ರ, ‘ನಿಮ್ಮಕ್ಕ ಮುಟ್ಟಿದ ಮೇಲೆ ಮುಗೀತು, ಅದು ಕೆಡೋ ಮಾತೇ ಇಲ್ಲ’ ಅಂತಿದ್ರು. ಒಂದು ಸಲ, ಒಂದೇ ಒಂದು ಸಲ ನೀನು ಮುಟ್ಟಿದ್ದು ಕೆಡ್ಲಿ, ಅವರ ಬಾಯಿಂದ ‘ಅವಳಿಗೇನು ಗೊತ್ತು’ ಅಂತ ಬರ್ಲಿ ಅಂತ ಆಸೆಪಟ್ಟೆ. ಅದಕ್ಕೆ ಬಲ್ಬು ಇಟ್ಟೆ. ಗಾಡಿ ನಿಂತಾಗ ಆನ್ ಮಾಡ್ತಿದ್ದೆ, ನಿನ್ನ ಅಂಗಡಿಗೆ ಹೊರಟಾಗ ಆಫ್ ಮಾಡ್ತಿದ್ದೆ.” ಪುಟ್ಟಿ ಮೂಗು ಒರೆಸಿಕೊಂಡಳು. “ಆಗಿದ್ದು ನೋಡು. ಕೆಟ್ಟಷ್ಟೂ ನಿನ್ನ ಹತ್ರಾನೇ ಓಡಿ ಬಂದ್ರು. ನನ್ನ ಕೈಯಾರೆ ನನ್ನ ಗಂಡನ್ನ ನಿನ್ನ ಬೆಂಚಿಗೆ ಕಳಿಸಿಕೊಟ್ಟೆ.”

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ವರ್ಷದಲ್ಲಿ ತಾನು ಎಣಿಸಿ ಎಣಿಸಿ ಕಾಪಾಡಿಕೊಂಡ ಐದು ಮಧ್ಯಾಹ್ನಗಳೂ ಹಾಗಾದರೆ ತಂಗಿ ಕೊಟ್ಟ ಭಿಕ್ಷೆ.

“ಅಲಾರಾಂ ಅದೇ ಬ್ಯಾಟರಿ ಮೇಲಿದೆ ಅಂತ ಗೊತ್ತಿತ್ತಾ?”

“ಇಲ್ಲ.”

“ಕಿಟಕಿ ಹತ್ರ ಕೂತು ಎಲ್ಲ ಕಲಿತೆ ಅಂದೆ.”

“ಅಪ್ಪನ ಅಂಗಡೀಲಿ ಅಲಾರಾಂ ಇರ್ಲಿಲ್ಲ ಅಕ್ಕ! ಗೊತ್ತಿದ್ರೆ... ನನ್ನ ಗಂಡನ್ನ ನಾನೇ...” ಮುಖವನ್ನು ಮೊಣಕಾಲಿಗೆ ಒತ್ತಿದಳು. ಆಮೇಲೆ ತಲೆ ಎತ್ತಿದಾಗ ಅವಳ ಕಣ್ಣಿನಲ್ಲಿ ನೀರಿರಲಿಲ್ಲ. “ಬಲ್ಬು ನಾನು ಇಟ್ಟೆ. ಒಪ್ಕೋತೀನಿ. ಬಲ್ಬು ಯಾರನ್ನೂ ಸಾಯಿಸಲ್ಲ. ಗಾಳಿಕಿಂಡಿಗೆ ಬಟ್ಟೆ ತುರುಕಿದವರು ಯಾರು? ಅದು ಹೇಳು.”

“ಚಳಿ ಅಂತ ಅವನೇ ತುರುಕಿಕೊಂಡಿರ್ತಾನೆ ಅಂತ ಇನ್‌ಸ್ಪೆಕ್ಟರ್...”

“ಆ ದಿನ ಮಧ್ಯಾಹ್ನ ನೀನು ಎಲ್ಲಿದ್ದೆ?”

“ಅಂಗಡೀಲಿ.”

“ಪೊಲೀಸಿನವರ ಮುಂದೆ ಹಾಗೆ ಬರೆದುಕೊಟ್ಟಿದೀಯ. ನನ್ನ ಮುಂದೆ ಬೇಡ. ಎರಡೂವರೆಗೆ ಮೈದಾನದ ಗೇಟ್ ಹತ್ರ ನಿಂತಿದ್ದೆ. ಬೂದಿ ಬಣ್ಣದ ಶಾಲು ತಲೆ ಮೇಲೆ ಎಳ್ಕೊಂಡು.”

ಅಕ್ಕ ಎತ್ತಿ ನಿಲ್ಲಿಸಿದ ಮಂಚದ ಹಲಗೆ ಹಿಡಿದುಕೊಂಡಳು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು.

“ಹೊಸ ಬ್ಯಾಟರಿ ಹೇಗಿದೆ ಅಂತ ಕೇಳೋಕೆ ಬಂದಿದ್ದೆ,” ಎಂದಳು. ತನ್ನ ಕಿವಿಗೇ ಅದು ನೆವದ ಹಾಗೆ ಕೇಳಿಸಿತು. “ಗಾಡಿ ಕಂಡಿತು. ನಿನ್ನ ಪರದೆ ಕಂಡಿತು. ಗೇಟಿನಿಂದಲೇ ತಿರುಗಿ ಬಂದೆ.”

“ಹಾಗಂತ ನೀನು ಹೇಳ್ತೀಯ.”

“ಪುಟ್ಟೀ.” ಅಕ್ಕನ ದನಿ ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ತಪ್ಪು ಹುಡುಕುವಾಗ ಅವಳ ದನಿ ಹಾಗಾಗುತ್ತಿತ್ತು. “ನಾನು ಗೇಟ್ ಹತ್ರ ನಿಂತಿದ್ದು ನೀನು ಎಲ್ಲಿಂದ ನೋಡಿದೆ?”

ತಂಗಿ ಕತ್ತಿನ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

“ನೀನು ಒಂದರಿಂದ ನಾಲ್ಕರ ತನಕ ಬಟ್ಟೆ ಒಗೆಯೋ ಅಂಗಡೀಲಿದ್ದೆ ಅಂತ ಬರೆದುಕೊಟ್ಟಿದೀಯಲ್ಲ. ಅದು ಪೇಟೆ ಬೀದೀಲಿದೆ. ಅಲ್ಲಿಂದ ಮೈದಾನದ ಗೇಟು ಕಾಣುತ್ತಾ?”

“ಮಷೀನಿಗೆ ಬಟ್ಟೆ ಹಾಕಿ... ಸ್ವಲ್ಪ ಹೊತ್ತು... ಬಲ್ಬು ಆಫ್ ಮಾಡೋಣ ಅಂತ ಬಂದೆ. ಚಳಿ ಜಾಸ್ತಿ ಇತ್ತು, ಅವರಿಗೆ ಹೀಟರ್ ಬೇಕಾಗುತ್ತೆ ಅನ್ನಿಸ್ತು. ಬಂದ್ರೆ ಗೇಟಲ್ಲಿ ನೀನು. ನನ್ನ ಗಂಡನ್ನ ನೋಡೋಕೆ ಬಂದಿದೀಯ ಅಂತ ಮೈಯೆಲ್ಲ ಉರಿದುಹೋಯ್ತು. ಮರದ ಹಿಂದೆ ನಿಂತೆ. ನೀನು ಒಳಗೆ ಹೋಗೋದನ್ನ ನೋಡ್ಬೇಕು ಅಂತ ನಿಂತೆ.”

“ಹೋದ್ನಾ?”

“ನೋಡೋಕಾಗದೆ ತಿರುಗಿ ಹೋದೆ.”

“ಹಾಗಂತ ನೀನು ಹೇಳ್ತೀಯ.”

ಅಂಗಳದ ಆಚೆ ಲಾರಿಯೊಂದು ಹಿಂದೆ ಬರುತ್ತಾ ಕೀಕೀ ಎಂದು ಕೂಗಿತು. ಒಳಗೆ ಅಕ್ಕನೂ ನೆಲಕ್ಕಿಳಿದಿದ್ದಳು; ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು. ಗಾಳಿಕಿಂಡಿಯ ಹತ್ತಿರ ಹೋದವಳು ನೀನು ಎಂದು ಇಬ್ಬರ ಕಣ್ಣೂ ಹೇಳುತ್ತಿದ್ದವು. ಡಬ್ಬಿಯ ಬಲ್ಬನ್ನು ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

*

ಇನ್‌ಸ್ಪೆಕ್ಟರ್ ಈ ಸಲ ತಲೆ ತಗ್ಗಿಸಿಯೇ ಒಳಗೆ ಬಂದರು. ಬಂದವರು ಒಲೆಯ ಪಕ್ಕದ ಗಾಳಿಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಸೀಳುಗಳಿಂದ ಅಂಗಳವನ್ನು ನೋಡಿದರು. ಹೊರಗೆ ನಿಂತಿದ್ದ ಪೇದೆ ಅಲ್ಲಿಗೆ ಕೈಯಿಟ್ಟಳು. ನಾಲ್ಕು ಬೆರಳು ಒಳಗಿನಿಂದ ಸ್ಪಷ್ಟವಾಗಿ ಕಂಡವು.

“ಸಾಕಮ್ಮ, ಹೋಗು,” ಎಂದು ಅವಳನ್ನು ಕಳಿಸಿ ಎದ್ದರು. “ಹನ್ನೊಂದೂ ಕಾಲಿಗೆ ಅವರಿಗೆ ಎಚ್ಚರ ಆಯ್ತು.”

ಇಬ್ಬರೂ ಒಟ್ಟಿಗೇ ಎದ್ದು ನಿಂತರು.

“ಮಾತಾಡಿದ್ರಾ?” ಪುಟ್ಟಿ ಅವರ ತೋಳು ಹಿಡಿದಳು. “ಯಾರ ಹೆಸರು ಹೇಳಿದ್ರು? ಮೊದಲು ಯಾರನ್ನ ಕೇಳಿದ್ರು?”

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಪ್ರಶ್ನೆಯೂ ಅದೇ ಆಗಿತ್ತು.

“ಯಾರ ಹೆಸರೂ ಹೇಳ್ಲಿಲ್ಲ. ಎರಡು ನಿಮಿಷ ಮಾತಾಡಿದ್ರು. ಹೇಳಿದ ಹಾಗೇ ಬರ್ಕೊಂಡಿದೀನಿ.” ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಬೆಳಕು ಸಾಲದೆ ಬಲ್ಬಿನ ಹತ್ತಿರ ಹಿಡಿದು ಓದಿದರು. “‘ಮಲಗಿದ್ದೆ. ಕಿಂಡಿಯಲ್ಲಿ ಬಟ್ಟೆ ಬಂತು. ಹೊರಗಿನಿಂದ. ತಳ್ಳುತ್ತಿದ್ದ ಬೆರಳು ನೋಡಿದೆ. ಯಾರ ಬೆರಳು ಅಂತ ಗೊತ್ತಾಯಿತು. ಏಳಬಹುದಿತ್ತು. ಏಳಲಿಲ್ಲ.’”

ಪುಟ ತಿರುಗಿಸಿದರು.

“‘ಅವಳಿಗೆ ಹೇಳಿ, ನಾನು ಕ್ಷಮಿಸಿದೀನಿ. ಅವಳನ್ನು ಬಿಟ್ಟು ನಾನು ಯಾರನ್ನೂ ಪ್ರೀತಿಸಲಿಲ್ಲ. ಇದನ್ನು ಅವಳಿಗೆ ನಾನು ಯಾವತ್ತೂ ಹೇಳಲಿಲ್ಲ. ತಪ್ಪು ನನ್ನದೇ.’”

ಜೀವಮಾನದಲ್ಲಿ ಮೌನಿ ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ಅವರಿಬ್ಬರೂ ಕೇಳಿರಲಿಲ್ಲ.

“ಯಾರಿಗೆ ಅಂತ ಕೇಳೋಷ್ಟರಲ್ಲಿ ಮತ್ತೆ ಪ್ರಜ್ಞೆ ಹೋಯ್ತು. ಇನ್ನೊಮ್ಮೆ ಬರುತ್ತೋ ಇಲ್ವೋ, ಡಾಕ್ಟರು ಭರವಸೆ ಕೊಡ್ತಿಲ್ಲ.” ಇನ್‌ಸ್ಪೆಕ್ಟರ್ ಪುಸ್ತಕದ ಖಾಲಿ ಪುಟ ತೆರೆದು ಪೆನ್ನಿನ ಮುಚ್ಚಳ ತೆಗೆದರು. “ಅದಕ್ಕೆ ನಿಮ್ಮನ್ನೇ ಕೇಳ್ತಿದೀನಿ. ಯೋಚನೆ ಮಾಡಿ ಹೇಳಿ. ಈ ಮಾತು ಅವರು ಯಾರಿಗೆ ಹೇಳಿದ್ದು?”

ಪ್ರಶ್ನೆಯ ಒಳಗೇನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ‘ನನಗೆ’ ಎಂದವಳ ಕೈಗೆ ಕೋಳ ಬೀಳುತ್ತದೆ. ಬಾಯಿ ಮುಚ್ಚಿಕೊಂಡವಳು ಮನೆಗೆ ಹೋಗಬಹುದು. ಆದರೆ ಹಾಗೆ ಹೋದವಳು ಉಳಿದ ಆಯುಷ್ಯವನ್ನೆಲ್ಲ ಅವನು ಪ್ರೀತಿಸದವಳಾಗಿಯೇ ಕಳೆಯಬೇಕು.

“ನನಗೆ,” ಎಂದಳು ತಂಗಿ.

“ನನಗೆ,” ಎಂದಳು ಅಕ್ಕ.

ಯಾರ ಮಾತು ಮೊದಲು ಬಂತೆಂದು ಹೇಳಲಾಗದಷ್ಟು ಒಟ್ಟಿಗೆ ಬಂದಿತ್ತು.

ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಇನ್‌ಸ್ಪೆಕ್ಟರ್ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದರು, ಮತ್ತೆ ಮೊದಲಿನವಳ ಕಡೆ ತಿರುಗಿದರು.

“ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದೀರಿ,” ಎಂದರು ನಿಧಾನವಾಗಿ. “ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇದೇ ಮೊದಲು. ಸುಳ್ಳು ಹೇಳ್ತಿರೋಳೇ ನಿರಪರಾಧಿ.”